ದಪ್ಪ ತಂತಿಯ ಕಡೆಗೆ

ಬಂದವರು ಚಪ್ಪಲಿ ಬಿಟ್ಟ ರೀತಿಯಲ್ಲೇ ಅವಳಿಗೆ ತಿಳಿದುಹೋಯಿತು, ಇವರು ನಾಟಕ ಆಡಲು ಬಂದವರು. ಗಡ್ಡದ ಹುಡುಗ ಬೂಟಿನ ದಾರ ಬಿಚ್ಚಿ, ಕಾಲುಚೀಲವನ್ನೂ ಕಳಚಿ ಅದರೊಳಗೆ ತುರುಕಿ ಒಳಗೆ ಬಂದ. ಅವನ ಹೆಂಡತಿ ಒಂದು ಕಾಲಿನ ಚಪ್ಪಲಿಯನ್ನಷ್ಟೇ ಬಿಟ್ಟು, ಇನ್ನೊಂದನ್ನು ಹಾಕಿಕೊಂಡೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಫೋನಿನಲ್ಲಿ ಹೊತ್ತು ನೋಡಿಕೊಂಡಳು. ಇಲ್ಲೇ ಇರ್ತೀನಿ, ನೀವು ಬೇಗ ನೋಡಿ ಎಂದಳು. ಬೇಗ ಹೊರಡಬೇಕಾದವರು ನಿಲ್ಲುವುದು ಹೀಗೆಯೇ. ಹಳೇ ಗಿಟಾರು ಅಗ್ಗಕ್ಕೆ ಕೊಳ್ಳಲು ಗಂಡನ ಜೊತೆ ಹೋದ ಎಷ್ಟೋ ಮನೆಗಳ ಬಾಗಿಲಲ್ಲಿ ತಾನೂ ಹೀಗೆ ಒಂದೇ ಕಾಲಿನ ಚಪ್ಪಲಿಯಲ್ಲಿ ನಿಂತವಳು. ಹುಡುಗಿ ನಿಂತದ್ದು ಚೆನ್ನಾಗಿದೆ, ಕಣ್ಣು ಮಾತ್ರ ಸರಿಯಿಲ್ಲ, ಕಣ್ಣು ಆಗಲೇ ಗಿಟಾರಿನ ಕಡೆ ಓಡಿಬಿಟ್ಟಿದೆ, ಇಷ್ಟು ಆಸೆ ಕಾಣಿಸಬಾರದು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೇ ಆಯಾಸವಾಗಿ, ಕೂರಲು ಹಿಂದೆ ನೋಡಿದರೆ ಕುರ್ಚಿ ಇರಲಿಲ್ಲ. ಕುರ್ಚಿಯ ಮೇಲೆ ಗಿಟಾರಿತ್ತು.

ಉಳಿದದ್ದೆಲ್ಲ ರಟ್ಟಿನ ಪೆಟ್ಟಿಗೆಗಳೊಳಗೆ ಹೋಗಿತ್ತು. ತಿಂಗಳ ಕೊನೆಗೆ ಈ ಮನೆ ಬಿಟ್ಟು ಅವಳೂ ಅತ್ತೆಯೂ ಒಂದೇ ಕೋಣೆಯ ಮನೆಗೆ ಹೋಗುವವರಿದ್ದರು. ಅಲ್ಲಿ ಗೋಡೆಗೆ ಗಿಟಾರು ಒರಗಿಸುವಷ್ಟು ಜಾಗವಿಲ್ಲ, ಗೋಡೆಗಳೆಲ್ಲ ಅವರಿಬ್ಬರು ಒರಗುವುದಕ್ಕೇ ಬೇಕು ಎಂದು ಅತ್ತೆ ನಗದೆ ಹೇಳಿದ್ದರು. ಈಗ ಅವರು ಅಡುಗೆಮನೆಯಲ್ಲಿ ಕಾಲು ನೀಡಿ ಕುಳಿತು ಲೋಟಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ಪೇಪರಿನ ಸದ್ದು ಒಂದೇ ಹದದಲ್ಲಿ ಬರುತ್ತಿತ್ತು. ಗಿಟಾರಿಗೆ ಅವರು ಇಟ್ಟ ಹೆಸರು ಕೊಂಕ. ಕೊಂಕನ್ನ ನೋಡಕ್ಕೆ ಯಾರೋ ಬರ್ತಾರಂತಲ್ಲ, ಮುಖ ತೊಳ್ಕೊಂಡು ಕೂತ್ಕೊ ಎಂದು ಬೆಳಿಗ್ಗೆಯೇ ಹೇಳಿದ್ದರು, ಹೆಣ್ಣು ನೋಡಲು ಬರುವವರಿದ್ದಾರೆ ಎನ್ನುವ ಹಾಗೆ. ಅವಳು ಮುಖ ತೊಳೆದಿರಲಿಲ್ಲ.

ಹುಡುಗ ಗಿಟಾರನ್ನೆತ್ತಿ, ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದ. ಮುಚ್ಚಿದ್ದು ಎಡಗಣ್ಣು, ಹಾಗಾದರೆ ಇವನದು ಬಲಗಣ್ಣು ಎಂದು ಅವಳ ಮನಸ್ಸು ತಾನಾಗಿ ಗುರುತು ಹಾಕಿಕೊಂಡಿತು. ಬೆಳಗಿನಿಂದ ಸಂಜೆಯವರೆಗೆ ಕಣ್ಣಾಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, ಈಗ ಚೆನ್ನಾಗಿ ಕಾಣ್ತಾ, ಮೊದಲಿಂದು ಚೆನ್ನಾಗಿತ್ತಾ ಎಂದು ಕೇಳುವುದು ಅವಳ ಕೆಲಸ. ಎರಡೂ ಒಂದೇ ಎನ್ನುವವರಿದ್ದಾರೆ. ಎರಡೂ ಒಂದೇ ಎನ್ನಲು ಹೆದರಿ ಯಾವುದೋ ಒಂದನ್ನು ಹೇಳಿಬಿಡುವವರೂ ಇದ್ದಾರೆ. ಅವಳಿಗೆ ಗೊತ್ತಾಗುತ್ತದೆ, ಆದರೂ ಹೇಳಿದ್ದನ್ನೇ ಬರೆದುಕೊಳ್ಳುತ್ತಾಳೆ. ಗಂಡ ಹೋದ ಮೇಲೆ ಮನೆಗೆ ಬಂದವರೆಲ್ಲ ಅವಳನ್ನೂ ಅದನ್ನೇ ಕೇಳಿದ್ದರು, ಈಗ ಪರವಾಗಿಲ್ವಾ, ಮೊದಲಿಗಿಂತ ಪರವಾಗಿಲ್ವಾ ಎಂದು. ಪರವಾಗಿಲ್ಲ ಎಂದಿದ್ದಳು. ಅವರೂ ಅದನ್ನೇ ಬರೆದುಕೊಂಡು ಹೋಗಿರಬೇಕು.

ಹುಡುಗನ ಬೆರಳು ತೆಳು ತಂತಿಯ ಮೇಲೆ ಕೆಳಗೆ ಇಳಿಯುತ್ತ ಬಂತು. ತಲೆಯ ಹತ್ತಿರ ಎಲ್ಲ ಸರಿಯಾಗಿಯೇ ಇತ್ತು. ಮೈ ಹತ್ತಿರ ಬರುವ ಹೊತ್ತಿಗೆ ಆ ತಂತಿ ಕತ್ತಿನ ಮೇಲಿನ ಮರದ ಪಟ್ಟಿಯ ಅಂಚಿಗೇ ಬಂದು ನಿಂತಿತ್ತು. ಒತ್ತಿದರೆ ಅಂಚಿನಿಂದ ಜಾರಿ, ಠಕ್ಕೆಂದು ಸದ್ದು ಸತ್ತುಹೋಗುತ್ತಿತ್ತು. ಇನ್ನೊಂದು ಅಂಚಿನಲ್ಲಿ ದಪ್ಪ ತಂತಿಯ ಆಚೆಗೆ ಮಾತ್ರ ಬೇಕಾದಷ್ಟು ಮರ ಖಾಲಿ ಬಿದ್ದಿತ್ತು. ಹುಡುಗ ಮತ್ತೆ ಒತ್ತಿದ, ಮತ್ತೆ ಠಕ್. ನಿಟ್ಟುಸಿರು ಬಿಟ್ಟ. ನಿಟ್ಟುಸಿರು ಸ್ವಲ್ಪ ಬೇಗ ಬಂತು. ಅವಳ ಗಂಡನಾಗಿದ್ದರೆ ಮೊದಲು ಗಿಟಾರನ್ನು ಹೊಗಳುತ್ತಿದ್ದ, ಬಣ್ಣ ಎಷ್ಟು ಚೆನ್ನಾಗಿ ಉಳಿದಿದೆ, ಚೆನ್ನಾಗಿ ಇಟ್ಕೊಂಡಿದೀರ ಎಂದು. ಮಾರುವವರ ಮುಖ ಅರಳಿದ ಮೇಲೆ ಆ ತೆಳು ತಂತಿಯನ್ನು ಒತ್ತುತ್ತಿದ್ದ. ಆಗ ಅವರೇ ತಪ್ಪು ಮಾಡಿದವರ ಹಾಗೆ ನೋಡುತ್ತಿದ್ದರು. ಒಂದು ಮನೆಯಲ್ಲಿ ಒಬ್ಬ ಹೆಂಗಸು, ತಮ್ಮನದು, ಅವನು ದೂರ ಹೋದ ಮೇಲೆ ಮಂಚದ ಕೆಳಗೇ ಇತ್ತು, ಹಾಳಾಗಿದೆ ಅಂತ ಗೊತ್ತಿರಲಿಲ್ಲ ಎಂದು ಕ್ಷಮೆ ಕೇಳಿ, ಗಿಟಾರಿನ ಜೊತೆ ಅದರ ಚೀಲವನ್ನೂ ಸುಮ್ಮನೆ ಕೊಟ್ಟಿದ್ದಳು. ಇಬ್ಬರೂ ಮೆಟ್ಟಿಲಿಳಿಯುವಾಗ ಇವಳು ಪಾಪ ಎಂದಿದ್ದಳು. ಕತ್ತು ಹಾಳಾಗಿದೆ ಅಂತ ನಾನೇನಾದ್ರೂ ಬಾಯಿಬಿಟ್ಟು ಹೇಳಿದ್ನಾ, ಅವರೇ ಅಂದ್ಕೊಂಡ್ರು ಎಂದಿದ್ದ ಅವನು. ಅದು ನಿಜವೇ. ಆ ನಿಜ ಬಸ್ಸು ಹತ್ತುವವರೆಗೆ ಇಬ್ಬರ ನಡುವೆ ಒಂದು ಸಾಮಾನಿನ ಹಾಗೆ ಇತ್ತು.

ಕತ್ತು ಹಾಳಾಗಿರುತ್ತಿರಲಿಲ್ಲ. ಮರವೇ ತಿರುಚಿಕೊಂಡಿದ್ದರೆ ಅವನು ಕೊಳ್ಳುತ್ತಿರಲಿಲ್ಲ. ಒಂದು ಕಣ್ಣಿನಿಂದ ನೋಡಿದಾಗ ಪಟ್ಟಿಯ ಎರಡು ಅಂಚೂ ನೆಟ್ಟಗೆ ಓಡಿದರೆ ತಪ್ಪು ಮರದ್ದಲ್ಲ, ಕೂಡಿಕೆಯದು. ಕತ್ತು ಮೈಗೆ ಸೇರುವಲ್ಲಿ, ಹಿಂದುಗಡೆ, ಒಂದು ಚೌಕ ತಗಡಿನ ಮೇಲೆ ನಾಲ್ಕು ಸ್ಕ್ರೂ ಇರುತ್ತವೆ. ಎಲ್ಲೋ ಬಾಗಿಲಿಗೆ ತಗುಲಿಯೋ, ಬಸ್ಸಿನಲ್ಲಿ ಯಾರದೋ ಮೊಣಕೈ ಒತ್ತಿಯೋ ಕತ್ತು ತನ್ನ ಗೂಡಿನಲ್ಲಿ ಒಂದು ಕೂದಲೆಳೆ ಸರಿದರೆ ಸಾಕು, ತಂತಿಗಳೆಲ್ಲ ಒಂದು ಕಡೆಗೆ ವಾಲಿಬಿಡುತ್ತವೆ. ಹಾಗೆ ಅಗ್ಗಕ್ಕೆ ತಂದದ್ದನ್ನು ಭಾನುವಾರದ ಸಂಜೆಗಳಲ್ಲಿ ಇಬ್ಬರೂ ಸೇರಿ ಸರಿಪಡಿಸುತ್ತಿದ್ದರು. ತಂತಿಗಳನ್ನು ಸಡಿಲಿಸಬೇಕು, ಆದರೆ ನೆಟ್ಟಗೆ ನಿಲ್ಲುವಷ್ಟು ಬಿಗಿ ಉಳಿಸಬೇಕು, ಇಲ್ಲದಿದ್ದರೆ ಎಲ್ಲಿಗೆ ಸರಿಯಿತೆಂದು ಕಾಣುವುದಿಲ್ಲ. ಸ್ಕ್ರೂಗಳನ್ನು ಚೂರೇ ಚೂರು ತಿರುಗಿಸಬೇಕು. ಆಮೇಲೆ ಒಬ್ಬರು ಕತ್ತನ್ನು ಎಳೆದು ಹಿಡಿದಿರಬೇಕು, ಇನ್ನೊಬ್ಬರು ಬಿಗಿ ಮಾಡಬೇಕು. ಹಿಡಿಯುವುದು ಯಾವಾಗಲೂ ಅವಳು. ದಪ್ಪ ತಂತಿ ಕಡೆಗೆ, ದಪ್ಪ ತಂತಿ ಕಡೆಗೆ ಎನ್ನುತ್ತಿದ್ದ ಅವನು, ಬಾಯಲ್ಲಿ ಸ್ಕ್ರೂಡ್ರೈವರಿನ ಹಿಡಿ ಕಚ್ಚಿಕೊಂಡೇ. ಮೊಣಕಾಲಿಗೆ ಮೊಣಕಾಲು ತಗುಲುತ್ತಿತ್ತು. ಜಗಳವಾಡಿದ ವಾರಗಳಲ್ಲೂ ಆ ಸಂಜೆ ಹಾಗೆ ಕೂರಲೇಬೇಕಾಗುತ್ತಿತ್ತು. ಮಾತಾಡದೆ ಹಿಡಿಯಬಹುದಿತ್ತು, ಹಿಡಿಯದೆ ಇರುವಂತಿರಲಿಲ್ಲ.

ಕೊನೆಯದನ್ನು ಮಾತ್ರ ಹಿಡಿಯಲಿಲ್ಲ. ಅದು ಇದೇ. ತಂದ ಸಂಜೆ ಅವನು ಕೋಣೆಯಿಂದ ಕರೆದ, ಒಂದು ನಿಮಿಷ ಬಾ ಎಂದು. ಅವಳು ಆಮೇಲೆ ಎಂದಳು. ಸಿಟ್ಟಿರಲಿಲ್ಲ, ತಲೆನೋವಿರಲಿಲ್ಲ, ಕೈಯಲ್ಲಿ ಕೆಲಸವೂ ಇರಲಿಲ್ಲ. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿ ಫೋನಿನಲ್ಲಿ ಯಾರೋ ಗುರುತಿಲ್ಲದ ಹೆಂಗಸು ತನ್ನ ಮನೆಯ ಬೀರು ಜೋಡಿಸುವುದನ್ನು ನೋಡುತ್ತಿದ್ದಳು. ಮಡಿಸಿದ ಬಟ್ಟೆಗಳು ಒಂದರ ಮೇಲೊಂದು ಏರುತ್ತಿದ್ದವು. ಅದನ್ನು ಮುಗಿಸಿ ಏಳೋಣ ಎಂದುಕೊಂಡಳು, ಮುಗಿದ ಮೇಲೆ ಇನ್ನೊಂದು ಬೀರು ಬಂತು. ಅವನು ಮತ್ತೆ ಕರೆಯಲಿಲ್ಲ. ಮರುದಿನ ಕೆಲಸದ ಜಾಗದಲ್ಲಿ ಮೆಟ್ಟಿಲು ಹತ್ತುತ್ತ ಕುಸಿದ. ಎದೆ ಎಂದರು. ಅವಳು ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು, ಯಾರೋ ಅವಳ ಕೈಗೆ ಅವನ ಊಟದ ಡಬ್ಬಿ ಕೊಟ್ಟರು. ಅದು ತೆರೆದೇ ಇರಲಿಲ್ಲ. ಆಮೇಲೆ ಅವನ ಅಂಗಿಗಳನ್ನು ಕೊಟ್ಟಳು, ಬೂಟುಗಳನ್ನು ಕೊಟ್ಟಳು, ಉಳಿದ ಗಿಟಾರುಗಳನ್ನೂ ಕೊಟ್ಟಳು. ಕೊಡುವಾಗ ಕೈ ಬೇರೆ ಯಾರದೋ ಎಂಬ ಹಾಗಿತ್ತು. ಇದೊಂದು ಮಾತ್ರ ಹೀಗೆ ಕೊಂಕಿಕೊಂಡೇ ಈ ಮನೆಯಿಂದ ಹೊರಗೆ ಹೋದರೆ ತಾನು ಅಂದ ಆ ‘ಆಮೇಲೆ’ ಇನ್ನು ಯಾರದೋ ಮನೆಯಲ್ಲಿ, ಯಾರದೋ ಮಂಚದ ಕೆಳಗೆ ಹಾಗೇ ಬಿದ್ದಿರುತ್ತದೆ ಎನಿಸುತ್ತಿತ್ತು. ಸರಿಪಡಿಸಿಯೇ ಕೊಡಬೇಕೆಂದರೆ ಹಿಡಿಯುವವಳು ಅವಳೊಬ್ಬಳೇ ಉಳಿದಿದ್ದಳು. ಒಂದು ರಾತ್ರಿ ಕಾಲಿನಿಂದ ಒತ್ತಿ ಹಿಡಿದು ಪ್ರಯತ್ನಿಸಿದ್ದಳು. ಇನ್ನೂ ಕೊಂಕಿತು.

ಅಯ್ಯೋ, ಇದರ ನೆಕ್ಕೇ ಹೋಗಿದೆಯಲ್ಲ ಮೇಡಂ, ಎಂದ ಹುಡುಗ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ತೋಚದವನ ಹಾಗೆ ಅದರ ಮೇಲೆ ಕೈಯಾಡಿಸುತ್ತ ಸುಮ್ಮನಾದ. ಆ ಮೌನ ಅವಳಿಗೆ ಗೊತ್ತು. ಅದು ಹೆಂಡತಿಗೆಂದು ಬಿಟ್ಟ ಜಾಗ. ಅಲ್ಲಿ ಹೆಂಡತಿ ಬೇಸರದಿಂದ ಒಂದು ಮಾತಾಡಬೇಕು, ಗಂಡ ಏಳಲು ಹೋಗಬೇಕು, ಮಾರುವವರು ತಾವಾಗಿಯೇ ಇಳಿಯಬೇಕು. ಅವಳು ಮನೆಯಲ್ಲಿ ತನ್ನ ಗಂಡನನ್ನು ಹೋಗೋ ಬಾರೋ ಎನ್ನುತ್ತಿದ್ದವಳು, ಆ ಒಂದು ಮಾತಿಗೆ ಮಾತ್ರ ಗರತಿಯಾಗುತ್ತಿದ್ದಳು. ಹೊರಗೆ ಬಂದ ಮೇಲೆ ಅವನು ಬೀದಿಯುದ್ದಕ್ಕೂ ಆ ಮಾತನ್ನು ಅವಳ ದನಿಯಲ್ಲಿ ಹೇಳಿ ಹೇಳಿ ನಗುತ್ತಿದ್ದ, ಅಪರೂಪಕ್ಕೊಂದು ಸಲ ಮರ್ಯಾದೆ ಸಿಗುತ್ತೆ, ಅದೂ ಗಿಟಾರಿನ ಪುಣ್ಯ ಎಂದು. ಮೌನ ಬೆಳೆಯಿತು. ಬಾಗಿಲಲ್ಲಿದ್ದ ಹುಡುಗಿಗೆ ಫೋನಿನಲ್ಲಿ ಏನೋ ಬಂದಿತ್ತು, ಅವಳು ಅದರಲ್ಲಿ ಮುಳುಗಿದ್ದಳು. ಗಡ್ಡದವನು ಕೆಮ್ಮಿದ. ಹುಡುಗಿ ತಲೆಯೆತ್ತಲಿಲ್ಲ. ಅಡುಗೆಮನೆಯ ಪೇಪರಿನ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇರಲಿಲ್ಲ, ಆ ಖಾಲಿ ಜಾಗ ಮಾತ್ರ ಬಾಯಿ ತೆರೆದುಕೊಂಡು ನಿಂತಿತ್ತು, ಅವಳಿಗೆ ತಡೆಯಲಾಗಲಿಲ್ಲ.

"ರೀ, ಸಾಕು ಬನ್ನಿ. ನಮಗ್ಯಾಕೆ ಬೇಕು ಇದು."

ಹೇಳಿದ್ದು ತಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ದನಿ ಕೂಡ ಅದೇ, ಮೂಗಿನಿಂದ ಬರುವ, ಸ್ವಲ್ಪ ಎಳೆದ ದನಿ. ಗಡ್ಡದವನು ಅರ್ಧ ಎದ್ದವನು ಅರ್ಧದಲ್ಲೇ ನಿಂತ. ಹುಡುಗಿ ಫೋನಿನಿಂದ ತಲೆಯೆತ್ತಿ, ಮೊದಲು ತನ್ನ ಗಂಡನನ್ನು ನೋಡಿದಳು, ಆಮೇಲೆ ಅವಳನ್ನು, ಆಮೇಲೆ ಮತ್ತೆ ಗಂಡನನ್ನು. ಪರಗಂಡಸನ್ನು ರೀ ಎಂದು ಕರೆದು, ತನ್ನ ಮನೆಯಿಂದಲೇ ಹೊರಡಿಸಿದ ಹೆಂಗಸು ಅವರ ಎದುರು ನಿಂತಿದ್ದಳು. ಏನಂದ್ರಿ ಎಂದ ಗಡ್ಡದವನು. ಏನಿಲ್ಲ ಎಂದಳು. ಮುಖಕ್ಕೆ ಬಿಸಿ ಏರುವುದನ್ನು ಕಾದಳು. ಏರಲಿಲ್ಲ. ಕಿವಿಗಳು ಮಾತ್ರ ದಪ್ಪವಾದ ಹಾಗಾಯಿತು. ಅಡುಗೆಮನೆಯ ಪೇಪರಿನ ಸದ್ದು ನಿಂತಿತ್ತು. ಹುಡುಗಿ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿ ಹಾಕಿಕೊಂಡು, ಬಾರೋ ಹೋಗೋಣ ಎಂದಳು. ಅದು ನಾಟಕವಾಗಿರಲಿಲ್ಲ. ಹುಡುಗ ಗಿಟಾರನ್ನು ಕುರ್ಚಿಯ ಮೇಲೆ, ನಿದ್ದೆಯಲ್ಲಿರುವುದನ್ನು ಮಲಗಿಸಿದಷ್ಟು ಜೋಪಾನವಾಗಿ ಇಟ್ಟ. ಫೋನ್ ಮಾಡ್ತೀನಿ ಮೇಡಂ ಎಂದ. ಬೂಟಿನ ದಾರ ಕಟ್ಟಿಕೊಳ್ಳದೆಯೇ ಇಳಿದ. ಅವರು ಮೆಟ್ಟಿಲಿನ ಮೊದಲ ತಿರುವು ದಾಟಿದರು. ಆಮೇಲೆ ಹುಡುಗಿಯ ತಡೆದ ನಗು ಕೇಳಿತು, ಇನ್ನೂ ಒಂದು ಸುತ್ತು ಇಳಿದ ಮೇಲೆ, ಪಾಪ ಎಂದದ್ದೂ. ಮೆಟ್ಟಿಲುಗಳು ಎಲ್ಲವನ್ನೂ ಮೇಲಕ್ಕೆ ಕಳಿಸುತ್ತವೆ. ಹಾಗಾದರೆ ತಾವು ಇಳಿಯುವಾಗ ಆಡಿದ್ದೂ ಆ ಮನೆಗಳವರಿಗೆ ಕೇಳಿದೆ. ಚೀಲ ಸುಮ್ಮನೆ ಕೊಟ್ಟ ಆ ಹೆಂಗಸಿಗೂ.

ಅತ್ತೆ ಬಂದು ಬಾಗಿಲು ಹಾಕಿದರು. ಪೇಪರಿನ ಮಸಿ ಅವರ ಬೆರಳುಗಳಿಗೆ ಹತ್ತಿತ್ತು. ಅವಳು ಹೇಳಿದ ಮಾತನ್ನು ಕೇಳಿಸಿಕೊಂಡವರ ಹಾಗೆ ಅವರ ಮುಖವಿರಲಿಲ್ಲ. ಕೇಳಿಸಿಕೊಂಡಿದ್ದರು ಎಂದು ಅದರಿಂದಲೇ ಗೊತ್ತಾಗುತ್ತಿತ್ತು.

"ಕೊಂಕು ಅಂದ್ರಾ?"

"ಹೂಂ."

"ಅದು ಸರಿ ಹೋಗುತ್ತಲ್ಲ."

"ಇಬ್ಬರು ಬೇಕು ಅತ್ತೆ ಅದಕ್ಕೆ."

"ನಾವೇನು ಒಬ್ಬರಾ?"

ಅವಳು ಸ್ಕ್ರೂಡ್ರೈವರ್ ಹುಡುಕಿದಳು. ಅಂಟಿಸಿ ಮುಗಿಸಿದ್ದ ಪೆಟ್ಟಿಗೆಗಳಲ್ಲಿ ಯಾವುದರಲ್ಲೋ ಇತ್ತು. ಒಂದರ ಟೇಪು ಕಿತ್ತಳು, ಅದರಲ್ಲಿ ಬರೀ ಸ್ವೆಟರುಗಳು. ಇನ್ನೊಂದರಲ್ಲಿ ಸಿಕ್ಕಿತು, ಬಲ್ಬುಗಳ ನಡುವೆ. ಹಿಡಿಯ ಹಳದಿ ಪ್ಲಾಸ್ಟಿಕ್ಕಿನ ಮೇಲೆ ಹಲ್ಲಿನ ಗುರುತುಗಳು ಹಾಗೇ ಇದ್ದವು, ಅವನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಚಾಳಿ. ಅವನಿದ್ದಾಗ ಅವಳು ಎಂದೂ ಅದನ್ನು ತಿರುಗಿಸಿದವಳಲ್ಲ. ಅವನು ಕೊಡುತ್ತಿರಲಿಲ್ಲ, ಸ್ಕ್ರೂ ತಲೆ ಸವೆಸಿಬಿಡ್ತೀಯ ಎನ್ನುತ್ತಿದ್ದ. ವಾಪಸು ಬರುವಷ್ಟರಲ್ಲಿ ಅತ್ತೆ ಬೆತ್ತದ ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕುಳಿತುಬಿಟ್ಟಿದ್ದರು, ಯಾವಾಗಲೂ ಅವಳು ಕೂರುತ್ತಿದ್ದ ಕಡೆ. ಅಲ್ಲಿ ಕೂರಬೇಡಿ ಎನ್ನಬೇಕೆನಿಸಿತು. ಮಂಚದ ಅಂಚಿನಲ್ಲಿ, ಅವನ ಜಾಗದಲ್ಲಿ ತಾನು ಕುಳಿತಳು. ಗಿಟಾರಿನ ಬೆನ್ನನ್ನು ತನ್ನ ಕಡೆಗೆ ತಿರುಗಿಸಿ, ದಪ್ಪ ತಂತಿ ಮೇಲೆ ಬರುವ ಹಾಗೆ ತೊಡೆಯ ಮೇಲಿಟ್ಟುಕೊಂಡಳು. ಅತ್ತೆಗೆ ಎಲ್ಲಿ ಹಿಡಿಯಬೇಕೆಂದು ತೋರಿಸಲು ಕೈ ಚಾಚಿದಳು. ಅಷ್ಟರಲ್ಲಿ ಆ ಮಸಿ ಹತ್ತಿದ ಬೆರಳುಗಳು ತಲೆಯಿಂದ ಸ್ವಲ್ಪ ಈಚೆಗೆ, ಎಲ್ಲಿ ಹಿಡಿದರೆ ತಂತಿಗೆ ತಾಗುವುದಿಲ್ಲವೋ ಅಲ್ಲಿಯೇ ಹೋಗಿ ಕುಳಿತವು. ಹೆಬ್ಬೆರಳು ಬೆನ್ನಿಗೆ, ಅಂಗೈ ಕೆಳಗೆ. ಮೊಣಕಾಲು ಅವಳ ಮೊಣಕಾಲಿಗೆ ತಗುಲಿತು.

"ದಪ್ಪ ತಂತಿ ಕಡೆಗೆ ತಾನೇ?" ಎಂದರು ಅತ್ತೆ.

ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳಿದ್ದು ಕೇಳುವ ಹಾಗಿರಲಿಲ್ಲ, ಕದ್ದು ಸಿಕ್ಕಿಬಿದ್ದವರನ್ನು ಕೇಳುವ ಹಾಗಿತ್ತು. ಅತ್ತೆ ಕತ್ತಿನ ಮೇಲಿಂದ ಕಣ್ಣೆತ್ತದೆ, ನೀನು ಡ್ಯೂಟಿಗೆ ಅಂತ ಆಸ್ಪತ್ರೆಗೆ ಹೋದ ದಿನ ಯಾರು ಹಿಡೀತಿದ್ರು ಅಂದ್ಕೊಂಡೆ, ಸತ್ತ ನಿನ್ನ ಮಾವ ಎದ್ದು ಬರ್ತಿದ್ರಾ ಎಂದರು. ಕೈ ನಡುಗುತ್ತೆ ಅಂತ ಬಯ್ಯೋನು, ಬಯ್ದು ಬಯ್ದು ಮತ್ತೆ ನನ್ನನ್ನೇ ಕೂರಿಸೋನು ಎಂದರು. ಅವಳೊಳಗೆ ಏನೋ ಸಣ್ಣದಾಗಿ, ನಾಚಿಕೆಗೆಟ್ಟು ಚುಚ್ಚಿತು. ಇಷ್ಟು ದಿನ ಯಾವುದೂ ಚುಚ್ಚಿರಲಿಲ್ಲ. ಅದು ತಮ್ಮಿಬ್ಬರದೇ ಎಂದುಕೊಂಡಿದ್ದಳು, ಆ ಮೊಣಕಾಲು, ಆ ಮಾತು, ಕಚ್ಚಿಕೊಂಡ ಸ್ಕ್ರೂಡ್ರೈವರು. ಮುದುಕಿಯೊಬ್ಬಳು ಮಧ್ಯಾಹ್ನಗಳಲ್ಲಿ ಅದನ್ನು ಹಂಚಿಕೊಂಡಿದ್ದಳು, ಒಂದು ದಿನವೂ ಹೇಳದೆ. ಹೇಳುವಂಥದ್ದು ಎಂದು ಅನಿಸದೆ.

ತಂತಿಗಳನ್ನು ಸಡಿಲಿಸಿದಳು. ಸ್ಕ್ರೂಗಳಿಗೆ ಕೈ ಹಾಕಿದಳು. ಮೊದಲನೆಯದು ಅಲುಗಲಿಲ್ಲ. ಆಮೇಲೆ ಒಣ ಮರ ನರಳಿದ ಹಾಗೆ ಕಿರ್ರೆಂದು ಬಿಟ್ಟುಕೊಟ್ಟಿತು. ಆ ಸದ್ದಿನ ಜೊತೆಗೇ ಅವಳಿಗೆ ಹೊಳೆಯಿತು. ಹೊಳೆದದ್ದಕ್ಕೆ ಕೈ ನಿಂತಿತು. ಅತ್ತೆಗೆ ಹಿಡಿಯಲು ಬರುತ್ತಿತ್ತು ಎಂದರೆ, ಆ ಸಂಜೆ ಅತ್ತೆ ಮನೆಯಲ್ಲೇ ಇದ್ದರು ಎಂದರೆ, ಇದು ಕೊಂಕಾಗಿ ಉಳಿಯಬೇಕಾಗಿರಲಿಲ್ಲ. ಇಷ್ಟು ತಿಂಗಳು ಅವಳು ಹೊತ್ತು ತಿರುಗಿದ್ದು ಯಾವುದನ್ನು ಹಾಗಾದರೆ. ಕೇಳಬಾರದು ಎಂದುಕೊಂಡಳು, ಬೀರು ಜೋಡಿಸುವ ಆ ಹೆಂಗಸು ಕಣ್ಣ ಮುಂದೆ ಬಂದಳು, ಬಟ್ಟೆಗಳ ಮೇಲೆ ಬಟ್ಟೆ.

"ಇದನ್ನ ತಂದಾಗ ನಿಮ್ಮನ್ನ ಕರೀಲಿಲ್ವಾ ಅತ್ತೆ?"

"ನಾನೇ ಕೇಳಿದೆ, ಹಿಡೀಲೇನೋ ಅಂತ." ಅತ್ತೆ ಕೂತಲ್ಲೇ ಸ್ವಲ್ಪ ಸರಿದು, ಹಿಡಿತ ಬದಲಿಸಿಕೊಂಡರು. "ಬೇಡಮ್ಮ, ಅವಳು ಆಮೇಲೆ ಬರ್ತೀನಿ ಅಂದಿದಾಳೆ ಅಂದ."

ಬರ್ತೀನಿ ಎಂದು ಅವಳು ಅಂದಿರಲಿಲ್ಲ. ಬರೀ ಆಮೇಲೆ ಎಂದಿದ್ದಳು, ಗೋಡೆಯ ಕಡೆಗೆ ತಿರುಗಿ. ಅವನು ಅದಕ್ಕೆ ಉಳಿದದ್ದನ್ನು ತಾನೇ ಸೇರಿಸಿಕೊಂಡು, ಸ್ಕ್ರೂಡ್ರೈವರನ್ನು ಎತ್ತಿಟ್ಟು, ಕಾದಿದ್ದ. ಎಷ್ಟು ಹೊತ್ತು ಕಾದನೋ. ಊಟಕ್ಕೆ ಕೂತಾಗ ಏನೂ ಅನ್ನಲಿಲ್ಲ, ಬೀದಿಯಲ್ಲಿ ಎರಡು ನಾಯಿಗಳು ಒಂದೇ ಚಪ್ಪಲಿಗಾಗಿ ಕಿತ್ತಾಡಿದ್ದನ್ನು ಹೇಳಿ ನಕ್ಕಿದ್ದ. ಈಗ ಚೆನ್ನಾಗಿ ಕಾಣ್ತಾ, ಮೊದಲಿಂದು ಚೆನ್ನಾಗಿತ್ತಾ. ಎರಡೂ ಒಂದೇ ಎನ್ನಲಾಗಲಿಲ್ಲ, ಯಾವುದು ಚೆನ್ನ ಎನ್ನಲೂ ಆಗಲಿಲ್ಲ. ಏನೋ ಒಂದು ಹೇಳಿ ಎದ್ದುಹೋಗೋಣ ಎಂದರೆ ತೊಡೆಯ ಮೇಲೆ ಗಿಟಾರಿತ್ತು.

"ಎಳೀರಿ ಅತ್ತೆ," ಎಂದಳು.

"ಎಳೆದೇ ಇದೀನಿ."

"ಇನ್ನೂ ಜೋರಾಗಿ."

ಅತ್ತೆ ಹಲ್ಲು ಕಚ್ಚಿ ಎಳೆದರು. ಅವರ ಕೈ ನಡುಗುತ್ತಿತ್ತು, ಅವನು ಬಯ್ಯುತ್ತಿದ್ದದ್ದು ಸುಳ್ಳಲ್ಲ. ಆ ನಡುಕ ಮರದೊಳಗಿಂದ ಹಾದು ಅವಳ ತೊಡೆಗೆ ಬರುತ್ತಿತ್ತು. ಎಲ್ಲೋ ಒಳಗೆ, ಗೂಡಿನಲ್ಲಿ, ಒಂದು ಕೂದಲೆಳೆಯಷ್ಟು, ಕತ್ತು ಸರಿಯಿತು. ಕಂಡದ್ದಲ್ಲ, ಕೇಳಿದ್ದೂ ಅಲ್ಲ, ತೊಡೆಗೆ ಗೊತ್ತಾಯಿತು. ಅವಳು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದಳು. ತೆಳು ತಂತಿ ಅಂಚಿನಿಂದ ಒಳಗೆ ಬಂದಿತ್ತು. ಇನ್ನೊಂದು ಬದಿಯಲ್ಲಿ ಖಾಲಿ ಬಿದ್ದಿದ್ದ ಮರ ಕಿರಿದಾಗಿ, ಎರಡು ಕಡೆಯೂ ಸಮವಾಗಿತ್ತು. ಹಾಗೇ ಹಿಡಿದಿರಿ ಎಂದು, ಒಂದು ಸ್ಕ್ರೂ ಬಿಗಿ ಮಾಡಿದಳು. ಆಮೇಲೆ ಅದರ ಪಕ್ಕದ್ದಲ್ಲ, ಎದುರು ಮೂಲೆಯದು. ಅವನು ಹಾಗೆ ಮಾಡುವುದನ್ನು ಎಷ್ಟೋ ಸಂಜೆ ನೋಡಿದ್ದಳು. ಯಾಕೆ ಎಂದು ಕೇಳಿರಲಿಲ್ಲ. ಮೂರನೆಯದು. ಅತ್ತೆಯ ಉಸಿರು ಅವಳ ತೋಳಿಗೆ ತಾಗುತ್ತಿತ್ತು. ಮಸಿ, ಸೋಪು, ಮೊಣಕಾಲಿಗೆ ಹಚ್ಚುವ ಎಣ್ಣೆ. ನಾಲ್ಕನೆಯದನ್ನು ತಿರುಗಿಸುತ್ತ ತಿರುಗಿಸುತ್ತ ಕೊನೆಗೆ ಮಣಿಕಟ್ಟು ನೋಯುವವರೆಗೆ ಒತ್ತಿದಳು. ಅದು ನಿಂತಿತು. ಇನ್ನು ತಿರುಗುವಂತಿರಲಿಲ್ಲ.

ಸಂಜೆಯಾಗಿತ್ತು, ದೀಪ ಹಾಕಿರಲಿಲ್ಲ. ಗಡ್ಡದವನಿಗೆ ನಾಳೆ ತಾನೇ ಫೋನ್ ಮಾಡಿ, ಕತ್ತು ಹಾಳಾಗಿರಲಿಲ್ಲ, ಈಗ ಸರಿಯಿದೆ, ಬಂದು ನೋಡಿ ಎನ್ನಬೇಕು. ಹುಡುಗಿ ಎರಡೂ ಚಪ್ಪಲಿ ಬಿಟ್ಟು ಒಳಗೆ ಬರಲಿ. ಅದನ್ನು ಹೇಗೆ ಹೇಳುವುದೋ ತಿಳಿಯದು, ನಾಳೆ ನೋಡೋಣ.

"ಆಯ್ತಾ?" ಎಂದರು ಅತ್ತೆ. "ಬಿಡ್ಲಾ?"

ಅವಳು ಬಿಗಿದು ಕೂತ ಸ್ಕ್ರೂವಿನೊಳಗೇ ಸ್ಕ್ರೂಡ್ರೈವರಿನ ತುದಿ ಇಟ್ಟುಕೊಂಡು, ತಿರುಗಿಸುತ್ತಿರುವವಳ ಹಾಗೆ ತಲೆ ಬಗ್ಗಿಸಿ ಕುಳಿತಿದ್ದಳು.

"ಇನ್ನೊಂದು ಚೂರು ಹಿಡ್ಕೊಂಡಿರಿ ಅತ್ತೆ," ಎಂದಳು.